ಅಳತೆಗೆ ಒಬ್ಬರು

ಫೋನಿನ ಪರದೆಯಲ್ಲಿ ಬಂಡೆ ಬೆಣಚುಕಲ್ಲಿನಷ್ಟೇ ಕಾಣುತ್ತಿತ್ತು. ಸಹನಾ ಹಿಂದೆ ಸರಿದಳು, ಮತ್ತೆ ಮುಂದೆ ಬಂದಳು. ಪಕ್ಕದಲ್ಲಿ ಒಬ್ಬ ಮನುಷ್ಯನಿಲ್ಲದೆ ಅದರ ಗಾತ್ರ ತಿಳಿಯುವಂತಿರಲಿಲ್ಲ. ಚಿತ್ರ ಬರೆಯುವ ಮುಂಚೆ ಐ.ಡಿ.ಹಳ್ಳಿ ಸುತ್ತಲಿನ ಬಂಡೆಗಳನ್ನು ಅವಳು ಹೀಗೆ ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದಳು. ಪ್ರತಿ ಫೋಟೊದಲ್ಲೂ ಅಳತೆಗೆಂದು ಗಂಡ ಅಂಬರೀಶ ನಿಂತಿರುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಇವತ್ತು ಬರೆಯಲು ಆಗದಿದ್ದರೆ ಇನ್ನು ಆಗುವುದಿಲ್ಲ ಎಂದುಕೊಂಡೇ ಬಂದಿದ್ದಳು. ಆಗದು ಎನ್ನಿಸಿದಾಗ ಬೇಸರವೂ ಆಗಲಿಲ್ಲ.

ಹುಣಸೆಮರದ ನೆರಳಿನಲ್ಲಿ ಕೂತಿದ್ದ ಅತ್ತೆ ವನಜಾಕ್ಷಿ ಕೂಗಿದರು. "ಅದೇನ್ ಕಣಮ್ಮ, ಕಲ್ಲು ನಗ್ಲಿ ಅಂತ ಕಾಯ್ತಿದ್ದೀಯಾ?"

"ಪಕ್ಕದಲ್ಲಿ ಯಾರಾದ್ರೂ ನಿಲ್ಬೇಕಿತ್ತು ಅತ್ತೆ. ಇಲ್ದಿದ್ರೆ ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ."

ವನಜಾಕ್ಷಿ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂಡೆಯ ಹತ್ತಿರ ಹೋಗಿ ನಿಂತರು.

"ಅವ್ನು ಹೆಂಗ್ ನಿಂತ್ಕತಿದ್ದ, ಹೇಳು."

"ಎಡಗೈ ಕಲ್ಲಿನ ಮೇಲೆ ಇಡ್ತಿದ್ರು."

ವನಜಾಕ್ಷಿ ಎಡಗೈ ಊರಿದರು. ಮಗನ ಭುಜದಷ್ಟೂ ಎತ್ತರವಿಲ್ಲದ ಹೆಂಗಸು. ಸಹನಾ ಫೋನು ಎತ್ತಿ ನೋಡಿದಳು. ಅಂಬರೀಶನ ಪಕ್ಕದಲ್ಲಿ ಕಾಣುತ್ತಿದ್ದುದಕ್ಕಿಂತ ಬಂಡೆ ತುಂಬ ದೊಡ್ಡದಾಗಿ ಕಂಡಿತು.

"ಬಂತಾ? ಕೈ ಸುಡ್ತೈತೆ, ಬೇಗ ಹೊಡ್ಕಳಮ್ಮ."

"ಇನ್ನೊಂಚೂರು ಹಂಗೇ ಇರಿ ಅತ್ತೆ," ಎಂದು ಸಹನಾ ಫೋನು ಕೆಳಗಿಟ್ಟು, ಪೆನ್ಸಿಲ್ಲಿಗಾಗಿ ಚೀಲಕ್ಕೆ ಕೈಹಾಕಿದಳು.