ಕಡಲಬಾಗಿಲ ಕೀಲಿಕೈಗಳು

ಮೆಡಿಟರೇನಿಯನ್ ದಂಡೆಯ ಆ ಹಳೇ ಊರಿನ ಕೋಟೆಗೆ ಕಡಲ ಕಡೆಗೊಂದು ಬಾಗಿಲಿತ್ತು. ಅದರ ಪಕ್ಕದ ಗೋಡೆ ತುಂಬ ತುಕ್ಕು ಹಿಡಿದ ಕೀಲಿಕೈಗಳು ಒಂದೊಂದು ಮೊಳೆಗೆ ನೇತಾಡುತ್ತಿದ್ದವು. ಶಶಿಧರ ಫೋಟೊ ತೆಗೆಯಲು ಹೋದಾಗ ಗೈಡ್ ಮುದುಕಿ ಕೈ ಅಡ್ಡ ಹಿಡಿದಳು.

"ಕಡಲಿಗೆ ಇಳಿಯೋರು ಕೀಲಿಕೈನ ಈ ಬುಟ್ಟೀಲಿ ಇಟ್ಟು ಹೋಗ್ತಾರೆ, ಬಂದು ತಗೋತಾರೆ. ಯಾರೂ ಬಂದು ತಗೊಳ್ಳದೆ ಉಳಿದವು ಗೋಡೆಗೆ ಹೋಗ್ತವೆ."

"ಮೊಳೆ ಹೊಡೆಯೋದು ನೀವೇನಾ?"

"ನಾವು ಹೊಡೆಯೋ ಹಾಗಿಲ್ಲ. ಅವರ ಮನೆಯವರೇ ಹೊಡೀಬೇಕು."

ಬೆಳಿಗ್ಗೆ, ನೀರಲ್ಲಿ ಮುಳುಗಿದ ಪುರಾತನ ಬಂದರು ನೋಡಲು ದೋಣಿ ಹತ್ತುವ ಮುನ್ನ ಅವನ ಹೆಂಡತಿ ಮಂದಾಕಿನಿಯೂ ಹೋಟೆಲ್ ರೂಮಿನ ಕೀಲಿಕೈಯನ್ನು ಆ ಬುಟ್ಟಿಗೆ ಹಾಕಿ ನಕ್ಕಿದ್ದಳು. ದೋಣಿಯೆಂದರೆ ತಲೆ ಸುತ್ತುವ ಶಶಿಧರ ದಡದಲ್ಲೇ ಉಳಿದಿದ್ದ.

ಮುದುಕಿಯ ಫೋನ್ ರಿಂಗಾಯಿತು. ತನ್ನ ಭಾಷೆಯಲ್ಲಿ ಏನೋ ಕೇಳಿಸಿಕೊಂಡು ಫೋನನ್ನು ಚೀಲದೊಳಗಿಟ್ಟಳು.

"ನನ್ನ ಹೆಂಡತಿ ಇಷ್ಟು ಹೊತ್ತಿಗೆ ಬರಬೇಕಿತ್ತು. ಗಾಳಿ ಬೇರೆ ಜೋರಾಗ್ತಿದೆ," ಎಂದ ಶಶಿಧರ.

"ದೋಣಿ ಬರ್ತಾ ಇದೆಯಂತೆ. ಬನ್ನಿ, ಬುರುಜು ತೋರಿಸ್ತೀನಿ."

"ಆಗಲೇ ತೋರಿಸಿದ್ರಲ್ಲ."

"ಇನ್ನೊಂದು ಸಲ ನೋಡಿ."

ಬುರುಜಿನ ಮೇಲೆ ಅವಳು ಅವನನ್ನು ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿಕೊಂಡು, ಯಾವ್ಯಾವುದೋ ರಾಜರ ಕತೆಯನ್ನು ಎಳೆದೆಳೆದು ಹೇಳಿದಳು. ಕೆಳಗಿಳಿದು ಬಂದಾಗ ದೋಣಿ ದಡ ಸೇರಿತ್ತು. ಒದ್ದೆ ಬಟ್ಟೆಯ ಪ್ರವಾಸಿಗರು ಒಬ್ಬೊಬ್ಬರಾಗಿ ಬುಟ್ಟಿಯಿಂದ ತಮ್ಮ ಕೀಲಿಕೈ ತೆಗೆದುಕೊಂಡು, ಅವನ ಮುಖ ನೋಡದೆ ದಾಟಿಹೋದರು.

ಮಂದಾಕಿನಿ ಎಲ್ಲೆಂದು ಕೇಳಲು ಶಶಿಧರ ತಿರುಗಿದ.

ಮುದುಕಿ ಅವನ ಕೈಗೆ ಸುತ್ತಿಗೆ ಕೊಟ್ಟಳು.