ಕಪ್ಪು ವೈರು

ಬೇಸ್ ಗಿಟಾರಿನ ಮುಚ್ಚಳ ಬಿಚ್ಚಿ ನೋಡಿದ. ಕಪ್ಪು ವೈರು ಮತ್ತೆ ತುಂಡಾಗಿತ್ತು. ಬೆಸುಗೆ ಬಿಟ್ಟದ್ದಲ್ಲ, ತುದಿ ನೀಟಾಗಿತ್ತು. ಕತ್ತರಿಯ ಕೆಲಸ.

ಅರ್ಧ ಶತಮಾನದ ಹಿಂದೆ ಜಪಾನಿನಲ್ಲಿ ತಯಾರಾದ ಬೇಸ್ ಅದು. ತಿಂಗಳುಗಟ್ಟಲೆ ಹುಡುಕಿ ತರಿಸಿದ್ದ. ಪೆಟ್ಟಿಗೆ ಬಿಚ್ಚುವಾಗ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

"ಬಂದಳಪ್ಪ ನನ್ನ ಸವತಿ," ಎಂದಿದ್ದಳು. "ವಯಸ್ಸು ನನ್ನಷ್ಟೇ. ಸೊಂಟ ಮಾತ್ರ ನನ್ನದಕ್ಕಿಂತ ಸಣ್ಣ."

ಮರ ಗಟ್ಟಿಯಾಗಿತ್ತು. ಹಾಳಾಗಿದ್ದುದು ಒಳಗಿನ ವಿದ್ಯುತ್ ಭಾಗ: ತಿರುಗಿಸಿದರೆ ಕರಕರ ಎನ್ನುವ ನಾಬ್‌ಗಳು, ಸತ್ತ ಕೆಪಾಸಿಟರ್, ಮುಟ್ಟಿದರೆ ಉದುರುವ ವೈರಿನ ಹೊದಿಕೆ. ಎಲ್ಲಕ್ಕಿಂತ ದೊಡ್ಡ ಪೀಡೆ ಗುಂಯ್ ಎನ್ನುವ ಸದ್ದು. ತಂತಿಗಳ ಮೇಲೆ ಕೈಯಿದ್ದರೆ ಸುಮ್ಮನಿರುತ್ತಿತ್ತು. ಕೈ ತೆಗೆದೊಡನೆ ಆಂಪ್ಲಿಫೈಯರ್ ಕೆಣಕಿದ ಜೇನುಗೂಡಾಗುತ್ತಿತ್ತು.

ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು, ಮದ್ದು ಗೊತ್ತಿತ್ತು. ಹಳೆಯ ಭಾಗಗಳನ್ನು ಬದಲಿಸಿ, ಒಳಗೋಡೆಗೆಲ್ಲ ತಾಮ್ರದ ತೆಳು ಹಾಳೆ ಅಂಟಿಸಿ, ಅದನ್ನು ಕಪ್ಪು ವೈರಿನಿಂದ ಗ್ರೌಂಡಿಗೆ, ಎಂದರೆ ಅರ್ತಿಂಗಿಗೆ, ಜೋಡಿಸಿದ. ಕೈಯಿದ್ದರೂ ಇಲ್ಲದಿದ್ದರೂ ನಿಶ್ಶಬ್ದ. ಸಂತೋಷ ತಡೆಯಲಾರದೆ ಹೆಂಡತಿಯನ್ನು ಕರೆದು ತೋರಿಸಿದ್ದ.

"ನೋಡು, ಈ ಕಪ್ಪು ವೈರೊಂದು ಹೋದ್ರೆ ಮಾಡಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಆ ಮಾತು ಕೇಳಿಸಿಕೊಂಡವಳು ಅವಳೊಬ್ಬಳೇ.

ಭಾನುವಾರ ರೆಕಾರ್ಡಿಂಗ್ ಇತ್ತು. ಎಂದೋ ಚದುರಿದ್ದ ಹಳೆಯ ತಂಡ ಮತ್ತೆ ಒಂದಾಗಿತ್ತು. ಕಳೆದ ಅಭ್ಯಾಸದಲ್ಲಿ ಅವನು ಹಾಡಿನ ನಡುವೆ ತಾಳ ತಪ್ಪಿದ್ದ. ಡ್ರಮ್ ಬಾರಿಸುವ ಗೆಳೆಯ ಆಮೇಲೆ ಫೋನ್ ಮಾಡಿದ.

"ಎಲ್ಲೋ ಹೋಗಿದ್ದೆ ನೀನು? ನಾವೆಲ್ಲ ಚರಣಕ್ಕೆ ಬಂದ್ರೂ ನೀನು ಬರಲೇ ಇಲ್ಲ."

"ಆ ಗುಂಯ್ ಸದ್ದು ಕಣೋ. ತಲೆ ಕೆಡಿಸ್ತು."

"ಸದ್ದೋ ಗಿದ್ದೋ. ಇನ್ನೊಂದು ಸಲ ಹಾಗಾದ್ರೆ ಬೇರೆಯವರನ್ನ ಕರೀತಾರೆ. ಮೊದಲೇ ಹೇಳಿದ್ದೀನಿ, ಬೇಜಾರು ಮಾಡ್ಕೋಬೇಡ."

ಬೇರೆಯವರು. ಆ ಒಂದು ಮಾತು ಅವನನ್ನು ಬಿಡಲಿಲ್ಲ.

ಪಕ್ಕದ ಕೋಣೆಯಲ್ಲಿ ದಿನವಿಡೀ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು. ಬೇಸ್ ಗುಂಯ್ ಎಂದೊಡನೆ ಅದು ನಿಲ್ಲುತ್ತಿತ್ತು; ಮರುಗಳಿಗೆ ಬಾಗಿಲಲ್ಲಿ ಅವಳ ಮುಖ. ಸದ್ದು ಅವಳಿಗೆ ಕಿರಿಕಿರಿ ಎಂದು ಅವನ ಲೆಕ್ಕ. ಒಮ್ಮೊಮ್ಮೆ ಅವನು ತಲೆಯೆತ್ತುವಷ್ಟರಲ್ಲಿ ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಆಗತಾನೇ ತಂದಿಟ್ಟ ಟೀ ಕೆನೆಗಟ್ಟಿರುತ್ತಿತ್ತು. ಬಿಸಿ ಟೀ ತರುವಷ್ಟೂ ಅಕ್ಕರೆಯಿಲ್ಲ.

ತುಂಡಾದ ವೈರು ಹಿಡಿದುಕೊಂಡೇ ಅವಳ ಕೋಣೆಗೆ ಹೋದ.

"ಕತ್ತರಿಸಿದ್ದು ನೀನೇ ತಾನೆ?"

ಅವಳು ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಆ ಸದ್ದು ಇರಲಿ ಬಿಡಿ. ನನಗೇನೂ ತೊಂದರೆ ಇಲ್ಲ."

"ನನಗಿದೆ!"

"ಕೈ ಮೇಲಿದ್ರೆ ಬರಲ್ಲ ತಾನೆ? ಕೈ ಬಿಡಬೇಡಿ, ಮುಗೀತು." ಆಮೇಲೆ ಮೆಲ್ಲಗೆ, "ಒಂದು ಸಲ ಡಾಕ್ಟರ ಹತ್ರ ಹೋಗಿ ಬರೋಣ ಅಂದ್ರೆ ಉರಿದು ಬೀಳ್ತೀರಿ."

"ನನ್ನ ಕಿವಿ ನೆಟ್ಟಗಿದೆ."

"ಕಿವಿ ಅಂತ ಯಾರಂದ್ರು?"

"ಓಹೋ. ಹಾಗಾದ್ರೆ ತಲೆ ಕೆಟ್ಟಿದೆ ಅಂತಾನಾ?"

ಯಂತ್ರ ಮತ್ತೆ ಓಡಿತು.

ಉದ್ದೇಶ ಸ್ಪಷ್ಟವಾಗಿತ್ತು. ರೆಕಾರ್ಡಿಂಗ್ ಕೆಡಬೇಕು, ಅವನು ಬೇಸತ್ತು ಸವತಿಯನ್ನು ಮಾರಿಬಿಡಬೇಕು. ಆದರೆ ಊಹೆ ಪುರಾವೆಯಲ್ಲ.

ಶನಿವಾರ ಹೊಸ ವೈರು ಬೆಸೆಯಲು ಕೂರುವ ಮೊದಲು ಫೋನನ್ನು ಪುಸ್ತಕಗಳ ನಡುವೆ ನಿಲ್ಲಿಸಿ ಕ್ಯಾಮೆರಾ ಚಾಲೂ ಮಾಡಿದ. ಬೆಸೆದ. ಮುಚ್ಚಳ ಹಾಕಿದ. ಬೇಸನ್ನು ತೊಡೆಯ ಮೇಲಿಟ್ಟು ಭಾನುವಾರದ ಹಾಡನ್ನು ಮೊದಲಿಂದ ಕೊನೆವರೆಗೆ ನುಡಿಸಿದ. ಎಲ್ಲೂ ಗುಂಯ್ ಇಲ್ಲ, ಒಂದು ಸ್ವರವೂ ತಪ್ಪಲಿಲ್ಲ. ನಾಬ್ ತರುತ್ತೇನೆಂದು ಕೂಗಿ ಹೇಳಿ ಹೊರಟ.

ಬಿಡಿಭಾಗಗಳ ಅಂಗಡಿಯವನು ನಾಬ್ ಕೊಡುತ್ತ ಅವನ ಕೈ ನೋಡಿದ. "ತೋಳು ಸುಟ್ಕೊಂಡಿದ್ದೀರಲ್ಲ ಸಾರ್."

ಅಂಗಿಯ ತೋಳಿನಂಚಿನಲ್ಲಿ ಕಂದು ತೂತು. "ಕಡ್ಡಿ ತಾಗಿರಬೇಕು."

"ಗೊತ್ತಾಗಲಿಲ್ವಾ?"

"ಕೆಲಸದಲ್ಲಿ ಮುಳುಗಿದ್ರೆ ನನಗೆ ಮನೆ ಬಿದ್ರೂ ಗೊತ್ತಾಗಲ್ಲ," ಎಂದು ನಕ್ಕ.

ಮರಳಿದಾಗ ವೈರು ತುಂಡಾಗಿತ್ತು. ಫೋನ್ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತ. ತಾನು ಮನೆ ಬಿಟ್ಟ ಹೊತ್ತಿನವರೆಗೆ ವಿಡಿಯೋ ಓಡಿಸಿದ.

ಅವಳೇ. ಮುಚ್ಚಳ ಬಿಚ್ಚಿದಳು. ದಾರ ಕತ್ತರಿಸುವ ಪುಟ್ಟ ಕತ್ತರಿಯಿಂದ ಕಪ್ಪು ವೈರನ್ನು ತುಂಡರಿಸಿದಳು. ಎದ್ದು ಒಳಗೆ ನುಗ್ಗಬೇಕೆಂದವನು ಹಾಗೇ ಉಳಿದ. ಪರದೆಯ ಮೇಲೆ ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ.

ಆಂಪ್ಲಿಫೈಯರ್ ಹಚ್ಚಿದಳು. ತಂತಿಗಳ ಮೇಲೆ ಅಂಗೈ ಊರಿದಳು: ನಿಶ್ಶಬ್ದ. ಎತ್ತಿದಳು: ಗುಂಯ್. ಅದನ್ನು ಹಾಗೇ ಬಿಟ್ಟು ತನ್ನ ಕೋಣೆಗೆ ಹೋದಳು. ಹೊಲಿಗೆ ಯಂತ್ರ ಸ್ವಲ್ಪ ಓಡಿ ನಿಂತಿತು. ಮರಳಿ ಬಂದು ಆಂಪ್ಲಿಫೈಯರಿನ ಸದ್ದನ್ನು ಇನ್ನೊಂದಿಷ್ಟು ಏರಿಸಿದಳು. ಮತ್ತೆ ಹೋಗಿ ಯಂತ್ರ ಓಡಿಸಿದಳು.

ಕೆಡಿಸಲು ಬಂದವಳಿಗೆ ಇಷ್ಟೊಂದು ಪರೀಕ್ಷೆ ಯಾಕೆ? ಮತ್ತೊಮ್ಮೆ ನೋಡಲೆಂದು ವಿಡಿಯೋವನ್ನು ಹಿಂದಕ್ಕೆಳೆದ. ಬೆರಳು ಹೆಚ್ಚೇ ಎಳೆಯಿತು. ಪರದೆಯ ಮೇಲೆ ಅವನೇ ಭಾನುವಾರದ ಹಾಡು ನುಡಿಸುತ್ತಿದ್ದ.

ಹಾಡಿನ ನಡುವೆ ಅವನ ಕೈಗಳು ತಂತಿಗಳಿಂದ ಜಾರಿ ಬಿದ್ದವು. ಕಣ್ಣು ತೆರೆದೇ ಇತ್ತು, ತುಟಿಗಳು ಇಲ್ಲದ್ದನ್ನೇನೋ ಮೆಲ್ಲುತ್ತಿದ್ದವು, ಬಿಸಿ ಬೆಸುಗೆ ಕಡ್ಡಿಗೆ ತಾಗಿದ ಅಂಗಿಯ ತೋಳಿನಿಂದ ಹೊಗೆಯೇಳುತ್ತಿದ್ದರೂ ಅವನು ಅಲುಗಲಿಲ್ಲ, ಮತ್ತು ಕಪ್ಪು ವೈರು ಗಟ್ಟಿಯಾಗಿದ್ದುದರಿಂದ ಬೇಸ್ ಗುಂಯ್ ಎನ್ನಲಿಲ್ಲ, ಪಕ್ಕದ ಕೋಣೆಯಲ್ಲಿದ್ದ ಅವಳಿಗೆ ಕೇಳಿಸಲು ಏನೂ ಇರಲಿಲ್ಲ.