ಕೋಲಿನ ಇನ್ನೊಂದು ತುದಿ

ದೇವದುರ್ಗದ ಕಣ್ಣಿನ ಶಿಬಿರದಲ್ಲಿ ಪಟ್ಟಿ ಬಿಚ್ಚಿದ ಕೂಡಲೇ ಕುರಿಗಾಹಿ ಬೂದೆಪ್ಪನಿಗೆ ಕಂಡದ್ದು, ಪಕ್ಕದ ಮಂಚದಲ್ಲಿ ತೊಡೆ ಬಿಗಿಹಿಡಿದು ಕುಳಿತ ಮಾನ್ವಿಯ ಬಳೆ ವ್ಯಾಪಾರಿ ಶಂಶುದ್ದೀನ್. ಅವನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ.

ಬೂದೆಪ್ಪನ ಮಗಳು ನೇತ್ರಾವತಿ ಊರಿಗೆ ಹೊರಡಲು ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೂದೆಪ್ಪ ಕದಲಲಿಲ್ಲ. ನಿನ್ನೆ ಅವನೂ ಹೀಗೇ ಕುಳಿತಿದ್ದ. ಒಂದಕ್ಕೆ ಕರೆದೊಯ್ಯಿರಿ ಎಂದು ಕೇಳಲು ನಾಚಿ, ಕೊನೆಗೆ ಹಾಸಿಗೆಯನ್ನೇ ಒದ್ದೆ ಮಾಡಿಕೊಂಡಿದ್ದ.

ಕುರಿ ಕಾಯುವ ಕೋಲಿನ ತುದಿಯನ್ನು ಶಂಶುದ್ದೀನನ ಅಂಗೈಗೆ ತಾಗಿಸಿದ. “ಹಿಡಕೋರಿ ಭಾಯಿ. ನನಗೂ ಒಂದಕ್ಕ ಹೋಗೂದದ.”

ಮರಳಿ ಬರುವಾಗ ಶಂಶುದ್ದೀನನ ಮುಖ ಅರಳಿತ್ತು. ಕೋಲಿನ ಸಪ್ಪಳ ಕೇಳಿದ್ದೇ ತಡ, ಉಳಿದ ಮಂಚಗಳಿಂದಲೂ ಕೈಗಳು ಮೇಲೆದ್ದವು.

“ಯಪ್ಪಾ, ನಮ್ಮ ಜಾಲಹಳ್ಳಿ ಬಸ್ ಹೊಂಟದ!” ನೇತ್ರಾವತಿ ಕೂಗಿದಳು.

ಬೂದೆಪ್ಪ ಕೋಲು ಚಾಚಿದ. “ಹೋಗ್ಲಿ ಬಿಡವ್ವಾ. ಇವರಿಗೆ ಬಸ್ಸಿಗಿಂತ ಅವಸರ ಅದ.”